ಮೂರನೆಯ ಅಂಕಿ

ಅತ್ತೆ ಆ ಬೆಳಿಗ್ಗೆ ತನ್ನ ಫೋನನ್ನು ಜೋಳದ ಡಬ್ಬಿಯೊಳಗೆ ಹೂತಿಟ್ಟಳು. ಮೊಣಕೈವರೆಗೆ ಕೈ ಇಳಿಸಿ, ಜೋಳ ಸರಿಸಿ, ಬೀಜ ಊರಿದ ಹಾಗೆ ಊರಿ, ಸ್ಟೀಲಿನ ಮುಚ್ಚಳವನ್ನು ಬಡಿದು ಕೂರಿಸಿದಳು.

"ಅದಕ್ಕ್ಯಾಕ ಅತ್ತಿ ಈ ಶಿಕ್ಷಾ?" ಅಂದೆ.

"ಏಕಾದಶಿ. ಅದಕ್ಕೂ ಉಪವಾಸ," ಅಂದಳು. "ಭಜನಾ ಮಂಡಳಿಯಾಗ ಠರಾವ್ ಆಗೇತಿ. ಇಡೀ ದಿನಾ ಯಾರೂ ಫೋನ್ ಮುಟ್ಟಂಗಿಲ್ಲ. ನೀ ನಡಿ, ಬಾಗಲಾಗ ನಿಂತು ಕನಸು ಕಾಣಬ್ಯಾಡ."

ನಾನು ನಡೆದೆ. ಕನಸು ಕಾಣುತ್ತಲೇ ನಡೆದೆ. ಬೆಟಗೇರಿಯ ಓಣಿಯಲ್ಲಿ ಮಗ್ಗಗಳು ಆಗಲೇ ಲಟಕ್ ಪಟಕ್ ಅನ್ನುತ್ತಿದ್ದವು. ಇಷ್ಟೆಲ್ಲ ಮನೆಗಳು ಒಂದೇ ಮಾತನ್ನು ಹೇಳುತ್ತಿದ್ದರೂ ಯಾರಿಗೂ ಕೇಳಿಸುತ್ತಿಲ್ಲವಲ್ಲ ಅಂದುಕೊಂಡೆ. ಡಬ್ಬಿಯೊಳಗಿನ ಫೋನಿನ ಬಗ್ಗೆ ನಾನು ಯೋಚಿಸಲೇ ಇಲ್ಲ. ಯೋಚಿಸುವುದೇ ನನ್ನ ಕೆಲಸವಾಗಿತ್ತು.

ಅತ್ತೆ ರುಕ್ಮವ್ವ ನನ್ನ ಅಪ್ಪನ ಅಕ್ಕ. ಅವಳ ಸೊಂಟದಲ್ಲಿ, ಸೀರೆಯ ಒಳಗೆ, ಎಲೆಯಡಿಕೆ ಚೀಲದಷ್ಟಿರುವ ಒಂದು ಪಂಪು ಇದೆ. ಹೆಸರು 'ಸಂಗಾತಿ'. ಹಳೆಯ ಇನ್ಸುಲಿನ್ ಪಂಪುಗಳು ರಕ್ತದಲ್ಲಿ ಸಕ್ಕರೆ ಏರಿದ ಮೇಲೆ ಎಚ್ಚರಾಗುತ್ತಿದ್ದವು. ಸಂಗಾತಿಗೆ ಹಸಿವು ಮುಂಚೆಯೇ ಗೊತ್ತಾಗುತ್ತದೆ. ಮೂರು ತಿಂಗಳು ಅದು ಸೊಂಟದಲ್ಲಿ ಸುಮ್ಮನೆ ಕೂತು ನೀವು ಯಾವಾಗ ಏಳುತ್ತೀರಿ, ಎಷ್ಟು ನಡೆಯುತ್ತೀರಿ, ರೊಟ್ಟಿಗೆ ಯಾವಾಗ ಕೈ ಹಾಕುತ್ತೀರಿ ಎಂಬುದನ್ನೆಲ್ಲ ಕಲಿಯುತ್ತದೆ. ಆಮೇಲೆ, ನೀವು ಊಟಕ್ಕೆ ಕೂರುವ ಇಪ್ಪತ್ತು ನಿಮಿಷ ಮೊದಲು, ಆ ಊಟಕ್ಕೆ ಬೇಕಾದಷ್ಟು ಔಷಧವನ್ನು ತಾನೇ ಮೈಗೆ ಬಿಡುತ್ತದೆ. ಬಿಟ್ಟ ಔಷಧವನ್ನು ವಾಪಸ್ ತೆಗೆಯಲು ಬರುವುದಿಲ್ಲ. ಊಟ ಬರಲಿಲ್ಲವೋ, ಸಕ್ಕರೆ ಇಳಿಯುತ್ತಾ ಹೋಗುತ್ತದೆ: ಬೆವರು, ನಡುಕ, ಕತ್ತಲೆ.

ಮೊದಲ ವರ್ಷ ಮೂವರು ಹೆಂಗಸರು ಏಕಾದಶಿಯ ದಿನ ಎಚ್ಚರ ತಪ್ಪಿ ಬಿದ್ದರು. ಫೋನಿನಲ್ಲಿ 'ಇವತ್ತು ಉಪವಾಸ' ಅನ್ನುವ ಗುಂಡಿ ಇತ್ತು, ಮೂವರೂ ಒತ್ತಿರಲಿಲ್ಲ. "ದೇವರ ಸುದ್ದಿ ಯಂತ್ರಕ್ಕ್ಯಾಕ ಹೇಳಬೇಕು?" ಅಂದಿದ್ದಳು ಅವರಲ್ಲೊಬ್ಬಳು. ಅದೇ ಸರಿ ಅನ್ನಿಸಿ, ಯಂತ್ರವೇ ತಿಳಿದುಕೊಳ್ಳಲಿ ಎಂದು ಅದಕ್ಕೊಂದು ಪಂಚಾಂಗ ಜೋಡಿಸಿದೆವು. ಪ್ರತಿದಿನ ಬೆಳಗಿನ ಐದಕ್ಕೆ ಫೋನು ಆ ಪಂಚಾಂಗವನ್ನು ಒಂದು ಪ್ರಶ್ನೆ ಕೇಳುತ್ತದೆ: ಇವತ್ತು ಏಕಾದಶಿಯೇ? ಉತ್ತರವನ್ನು ಪಂಪಿಗೆ ದಾಟಿಸುತ್ತದೆ. ಏಕಾದಶಿಯಾದರೆ ಪಂಪು ಆ ದಿನ ಊಟದ ಔಷಧ ಬಿಡುವುದಿಲ್ಲ.

ಆ ಪಂಚಾಂಗವನ್ನು ನಾವು ಬರೆದದ್ದಲ್ಲ. ಸಂಗಾತಿಯಲ್ಲಿ ನಾವು ಬರೆದದ್ದೇ ಕಡಿಮೆ. ಪಂಪು ಮಾಡುತ್ತಿದ್ದ ಕಂಪನಿಯೊಂದು ಬಾಗಿಲು ಹಾಕಿಕೊಂಡು ಹೋದಾಗ, ಅದನ್ನೇ ನಂಬಿದ್ದವರು ಸೇರಿ ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ ಒಂದು ಪಂಪು ಕಟ್ಟಿಕೊಂಡರು. ಗದಗಿನ ಹಳೇ ನೇಕಾರ ಸಂಘದ ಸಭಾಂಗಣದಲ್ಲಿ ನಮ್ಮ ವರ್ಕ್‌ಶಾಪು. ಅಲ್ಲಿ ಕೂತು ನಾವು ಹೊಲಿದದ್ದು ಲೋಕದ ಎಲ್ಲೆಲ್ಲಿಂದಲೋ ಬಂದ ಇನ್ನೂರ ಹದಿಮೂರು ಪ್ರೋಗ್ರಾಮ್ ತುಂಡುಗಳನ್ನು. ಅವಕ್ಕೆ ಲೈಬ್ರರಿ ಅನ್ನುತ್ತಾರೆ. ಒಂದು ಗಡಿಯಾರ ನೋಡುತ್ತದೆ, ಒಂದು ಕೂಡಿ ಕಳೆಯುತ್ತದೆ, ಒಂದು ಅಕ್ಷರ ಜೋಡಿಸುತ್ತದೆ. ಪ್ರತಿಯೊಂದಕ್ಕೂ ಎಲ್ಲೋ ಒಬ್ಬ ಯಜಮಾನ ಇದ್ದಾನೆ, ಬಿಡುವಿನಲ್ಲಿ ಪುಕ್ಕಟೆ ಬರೆಯುವವನು. ಆ ಇನ್ನೂರ ಹದಿಮೂರರ ಪಟ್ಟಿ ಕಾಯುವವಳು ನಾನು, ವೈಜಯಂತಿ.

ಈ ಕೆಲಸಕ್ಕೆ ಸೇರಿದ ದಿನ ನನಗೆ ನೆನಪಾದದ್ದು ಅಜ್ಜಿ ಹೇಳುತ್ತಿದ್ದ ಒಂದು ಕಥೆ. ಒಬ್ಬಳು ರಾಣಿ ಕತ್ತಲ ಕೋಣೆಯಲ್ಲಿ ಹೆರಿಗೆಗೆ ಕೂತಿದ್ದಾಳೆ, ದೀಪ ಬೇಕು. ದೀಪ ಎಣ್ಣೆ ಕೇಳಿತು, ಎಣ್ಣೆ ಗಾಣ ಕೇಳಿತು, ಗಾಣ ಎತ್ತು ಕೇಳಿತು, ಎತ್ತು ಹುಲ್ಲು ಕೇಳಿತು, ಹುಲ್ಲು ಮಂಜಿನ ಹನಿ ಕೇಳಿತು. ಮಂಜಿನ ಹನಿಗೆ ಏನು ಬೇಕೆಂದು ಮಾತ್ರ ಯಾರೂ ಕೇಳಲಿಲ್ಲ. ಅದು ಹುಲ್ಲಿನ ತುದಿಯಲ್ಲಿ ಕೂತು ಕಾದು ಕಾದು ಬಿಸಿಲಿಗೆ ಆರಿಹೋಯಿತು. "ಆಮೇಲ ರಾಣಿ?" ಅಂದರೆ ಅಜ್ಜಿ ಹೇಳುತ್ತಿರಲಿಲ್ಲ. ಲಾಟೀನು ಇಳಿಸಿ, "ಮಲಕೋ" ಅನ್ನುತ್ತಿದ್ದಳು.

ಹತ್ತಕ್ಕೆ ಐದು ನಿಮಿಷ ಇತ್ತು. ಶಮೀಮ್ ನದಾಫ್ ಗೋಡೆಯ ದೊಡ್ಡ ಪರದೆಯ ಕೆಳಗೆ ನಿಂತು ಚಹಾ ಕುಡಿಯುತ್ತಿದ್ದಳು. ಪಂಪುಗಳ ಮೇಲೆ ಕಣ್ಣಿಡುವವಳು ಅವಳು. ಪರದೆಯ ಮೇಲೆ ನಾಲ್ಕು ಸಾವಿರ ಹಸಿರು ಚುಕ್ಕೆ, ಒಂದೊಂದು ಚುಕ್ಕೆ ಒಬ್ಬೊಬ್ಬ ಮನುಷ್ಯ. ಏಕಾದಶಿಯ ದಿನ ಅದರಲ್ಲಿ ಉಪವಾಸವೆಂದು ಬರೆಸಿದವರ ಮುನ್ನೂರ ಹನ್ನೆರಡು ಚುಕ್ಕೆ ಹಳದಿಯಾಗಿ, ಯಾರೋ ಹಸಿರು ಸೀರೆಯ ಮೇಲೆ ಸಾಸಿವೆ ಹೂವು ಚೆಲ್ಲಿದ ಹಾಗೆ ಕಾಣುತ್ತಿತ್ತು. ಆ ನೋಟ ನನಗಿಷ್ಟ.

ಅವತ್ತು ಹಳದಿ ಇರಲಿಲ್ಲ. ಒಂದೂ ಇರಲಿಲ್ಲ.

"ಶಮೀಮ್, ಇವತ್ತ ಏಕಾದಶಿ ಅಲ್ಲೇನ?"

"ನಿಮ್ಮ ದೇವರ ಲೆಕ್ಕ ನನಗ ಕೇಳ್ತೀಯಲ್ಲ! ನಂದು ರಂಜಾನ್ ಬಂದಾಗ ನೀ ಚಂದ್ರನ್ನ ಹುಡುಕಿ ಕೊಡ್ತಿಯೇನು?" ಅಂದವಳು ನನ್ನ ಮುಖ ನೋಡಿ ಲೋಟ ಕೆಳಗಿಟ್ಟಳು. "ಏನಾತು?"

"ನಮ್ಮತ್ತಿ ಉಪವಾಸ ಅದಾಳ."

ಪಂಚಾಂಗದ ಲೈಬ್ರರಿಯ ಹೆಸರು 'ಪಾಡ್ಯ'. ಪಟ್ಟಿ ತೆಗೆದೆ. ಹನ್ನೊಂದು ದಿನದ ಹಿಂದೆ ಅದರ ಹೊಸ ಆವೃತ್ತಿ ಬಂದಿತ್ತು. ಎರಡು, ನಾಲ್ಕು, ಏಳು ಇದ್ದದ್ದು ಎರಡು, ನಾಲ್ಕು, ಎಂಟು ಆಗಿತ್ತು. ಈ ಮೂರು ಅಂಕಿಗಳು ನಮ್ಮ ಲೋಕದಲ್ಲಿ ಕೊಟ್ಟ ಮಾತಿನ ಹಾಗೆ. ಮೊದಲನೆಯದು ಬದಲಾದರೆ, ಹುಷಾರು, ಹಳೆಯ ಪ್ರಶ್ನೆಗೆ ಹೊಸ ಉತ್ತರ ಬರಬಹುದು. ನಡುವಿನದು ಬದಲಾದರೆ, ಹೊಸದೇನೋ ಸೇರಿದೆ, ಹಳೆಯದು ಹಾಗೇ ಇದೆ. ಮೂರನೆಯದು ಬದಲಾದರೆ ಸಣ್ಣ ದುರಸ್ತಿ, ಚಿಂತೆ ಬೇಡ. ಮೂರನೆಯ ಅಂಕಿ ನೋಡಿ ನಾನು ಒಪ್ಪಿಗೆ ಒತ್ತಿದ್ದೆ. ಆಗ ಕಿಟಕಿಯಾಚೆ ಏನನ್ನೋ ನೋಡುತ್ತಿದ್ದೆ. ಏನೆಂದು ಈಗ ನೆನಪಿಲ್ಲ.

ಯಜಮಾನ ಬರೆದ ಟಿಪ್ಪಣಿ ಎರಡೇ ಪದ: 'ದೋಷ ತಿದ್ದಿದೆ.'

ಯಜಮಾನನ ಹೆಸರು ವಾದಿರಾಜ ಕೊರ್ಲಹಳ್ಳಿ. ಲಕ್ಷ್ಮೇಶ್ವರದಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಸ್ತರರು. ನಂಬರು ಅಲ್ಲೇ ಕೆಳಗಿತ್ತು. ನಾಲ್ಕು ವರ್ಷದಲ್ಲಿ ನಮ್ಮಲ್ಲಿ ಯಾರೂ ಒಂದು ಸಲವೂ ಅದಕ್ಕೆ ಫೋನ್ ಮಾಡಿರಲಿಲ್ಲ, ನಾನೂ ಮಾಡಿರಲಿಲ್ಲ.

"ಹೌದು, ಪಾಡ್ಯ ನಂದಽ," ಅಂದರು ಮಾಸ್ತರರು ಹಿಗ್ಗಿನಿಂದ. "ನೀವು ಗುಡಿಯವರೇನು?"

"ಅಲ್ರಿ. ಸರ್, ಇವತ್ತ ಏಕಾದಶಿ ಅಂತ ಯಾಕ ಬಂದಿಲ್ಲ?"

"ಇವತ್ತೆಲ್ಲಿ ಏಕಾದಶಿ ತಂಗೀ? ಇವತ್ತ ನಸುಕಿನ್ಯಾಗ ಇನ್ನೂ ದಶಮಿ ಇತ್ತು. ದಶಮಿ ಸೋಂಕಿದ ದಿನಾ ಉಪವಾಸ ಮಾಡಬಾರದು. ನಾಳೆ ಅದ. ಮೊದಲು ನನ್ನ ಪಾಡ್ಯ ಇಂಥಾದ್ದು ಬಂದ್ರ ಎರಡೂ ದಿನಾ ಹೌದು ಅಂತಿತ್ತು. ಅದು ತಪ್ಪು. ಭಾಳ ದಿನದಿಂದ ಮನಸ್ಸಿಗೆ ಚುಚ್ಚತಿತ್ತು. ತಿದ್ದಿದೆ."

"ಸರ್, ಭಾಳ ಮಂದಿ ಮೊದಲನೇ ದಿನಾನ ಮಾಡ್ತಾರಲ್ರಿ."

"ಮಾಡ್ತಾರ. ಅವರು ಮಾಡೂದು ಅವರಿಗೆ. ಲೆಕ್ಕ ಲೆಕ್ಕಾನ."

"ಸರ್, ನಿಮ್ಮ ಪಂಚಾಂಗದ ಮಾತು ಕೇಳಿ ನಾವು ಇನ್ಸುಲಿನ್ ಬಿಡ್ತೀವಿ."

ಆ ಕಡೆ ಅವರು ಫ್ಯಾನು ಆರಿಸಿದ್ದು ಕೇಳಿಸಿತು.

"ಏನಂದ್ರಿ?"

ಹೇಳಿದೆ. ಎಷ್ಟು ಚಿಕ್ಕದಾಗಿ ಹೇಳಲು ಬರುತ್ತದೋ ಅಷ್ಟು.

"ನಾ ಇದನ್ನ ಗುಡಿಯವರಿಗೆ ಮಾಡಿದ್ದು," ಅಂದರು. ಧ್ವನಿ ಎಲ್ಲೋ ಕೆಳಗೆ ಇಳಿದಿತ್ತು. "ಒಬ್ಬ ಕ್ಯಾಲೆಂಡರ್ ಛಾಪ್ಸಾಂವಗ ಮಾಡಿದ್ದು. ಯಾರೂ ಹೇಳಲಿಲ್ಲಲ್ಲ. ಒಬ್ಬರಾದ್ರೂ ಹೇಳಬಾರದೇನು?"

ಉಪವಾಸ ಇರುವವರನ್ನೆಲ್ಲ ಹುಡುಕಿ ತಿಳಿಸುತ್ತೇನೆ ಅಂದೆ. ಫೋನ್ ಇಟ್ಟೆ.

ಶಮೀಮ್ ಆಗಲೇ ಕೂತಿದ್ದಳು. "ಏಕಾದಶಿ ಅಂತ ಬರೆಸಿದ ಮುನ್ನೂರ ಹನ್ನೆರಡು ಮಂದಿಗೂ ನಾವ ಇಲ್ಲಿಂದ 'ಇವತ್ತು ಉಪವಾಸ' ಅಂತ ಕಳಸೋಣ. ಇವತ್ತ ಉಣ್ಣಾವರಿಗೆ ಸ್ವಲ್ಪ ಸಕ್ಕರಿ ಏರತೈತಿ, ಏರಲಿ. ಏರಿದ್ದನ್ನ ಇಳಸಬಹುದು."

ಆದರೆ ಹಾಗೆ ತಟ್ಟನೆ ಕಳಿಸುವಂತಿಲ್ಲ. ಮನುಷ್ಯನ ಮೈಗೆ ಹೋಗುವ ಅಪ್ಪಣೆ ಮೊದಲು ಮೇಜಿನ ಮೇಲಿನ ಪಂಪಿನಲ್ಲಿ ನಲವತ್ತು ನಿಮಿಷ ಓಡಬೇಕು, ಆಮೇಲೆ ಇಬ್ಬರು ಸಹಿ ಹಾಕಬೇಕು. ನಾವೇ ಮಾಡಿಕೊಂಡ ನಿಯಮ, ಅವಸರದಲ್ಲಿ ಕೈತಪ್ಪದಿರಲಿ ಎಂದು. ಆ ನಲವತ್ತು ನಿಮಿಷ ಮೇಜಿನ ಪಂಪು ಗಾಜಿನ ಲೋಟಕ್ಕೆ ಹನಿ ಬಿಡುವುದನ್ನೂ ಬಿಡದಿರುವುದನ್ನೂ ನೋಡುತ್ತ ಕೂತೆವು. ಶಮೀಮ್ ಉಗುರು ಕಡಿಯುತ್ತಿದ್ದಳು. ನಾನು ಅತ್ತೆಯ ಫೋನಿಗೆ ಹನ್ನೆರಡು ಸಲ ಕರೆ ಮಾಡಿದೆ. ಉಕ್ಕಿನ ಡಬ್ಬಿ, ಅದರ ತುಂಬ ಜೋಳ. ಒಳಗೆ ಏನೂ ಹೋಗದು, ಹೊರಗೆ ಏನೂ ಬಾರದು. ಫೋನು ಸಿಗದಿದ್ದರೆ ಪಂಪು ಬೆಳಗಿನ ಅಪ್ಪಣೆಯನ್ನೇ ಪಾಲಿಸುತ್ತದೆ. ಬೆಳಗಿನ ಅಪ್ಪಣೆ: ಇವತ್ತು ಏಕಾದಶಿ ಅಲ್ಲ.

ಹತ್ತು ಐವತ್ತಕ್ಕೆ ಸಹಿ ಹಾಕಿದೆವು. ಪರದೆಯ ಮೇಲೆ ಹಳದಿ ಅರಳತೊಡಗಿತು. ಐವತ್ತು, ನೂರ ಎಂಬತ್ತು, ಇನ್ನೂರ ತೊಂಬತ್ತ ಮೂರು. ಅಲ್ಲಿಗೆ ನಿಂತಿತು.

ಉಳಿದವರು ಹತ್ತೊಂಬತ್ತು. ಹೆಸರುಗಳನ್ನು ಓದಿದೆ. ಅಷ್ಟೂ ಜನ ಬೆಟಗೇರಿಯ ಭಜನಾ ಮಂಡಳಿ. ಅಷ್ಟೂ ಫೋನು ಉಪವಾಸ.

"ನೀ ಹೋಗು," ಅಂದಳು ಶಮೀಮ್. "ಅತ್ತಿ ಕಡೆ ಹೋಗು."

"ಈ ಹತ್ತೊಂಬತ್ತು ಮಂದಿ ಮನಿ ಯಾವುವು, ಅವರ ಬಾಜೂಕ ಯಾರು, ನಿನಗ ಗೊತ್ತೈತೇನು?"

ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆ ಓಣಿಗಳಲ್ಲಿ ಅಜ್ಜಿಯ ಸೆರಗು ಹಿಡಿದು ತಿರುಗಿದವಳು ನಾನು. ಮುಂಜಾನೆ ಬರೀ ಚಹಾ ಕುಡಿಯುವ ಓಣಿಗಳು ಅವು, ದಿನದ ಮೊದಲ ಊಟಕ್ಕೆ ಇನ್ನೂ ಹೊತ್ತಿತ್ತು. ಔಷಧ ಬಿಡುವ ಹೊತ್ತಿನ ಪ್ರಕಾರ ಹೆಸರುಗಳನ್ನು ಸಾಲಾಗಿ ಇಟ್ಟೆವು. ಹನ್ನೊಂದೂ ಹತ್ತಕ್ಕೆ ಒಬ್ಬಳು, ಹನ್ನೊಂದೂ ಕಾಲಿಗೆ ಇಬ್ಬರು. ಅತ್ತೆ ಮಗ್ಗ ನಿಲ್ಲಿಸಿ ಉಣ್ಣುವುದು ಸರಿಯಾಗಿ ಹನ್ನೆರಡಕ್ಕೆ. ಹನ್ನೊಂದು ನಲವತ್ತು. ಅವಳದು ಎಲ್ಲರಿಗಿಂತ ಕೊನೆಯ ಹೆಸರು.

ಬಳೆ ಅಂಗಡಿಗೆ, ಹಿಟ್ಟಿನ ಗಿರಣಿಗೆ, ಯಾರದೋ ಅಳಿಯನಿಗೆ, ಯಾರದೋ ಮಾಳಿಗೆಯ ಬಾಡಿಗೆಯವರಿಗೆ ಫೋನ್ ಮಾಡಿದೆ. "ಓಡಿ ಹೋಗ್ರಿ, ಅವರ ಫೋನ್ ಹೊರಗ ತಗೀರಿ, ಆಮೇಲ ಬೈಲಿ, ಬೈಸ್ಕೋರಿ." ಒಂದೊಂದೇ ಚುಕ್ಕೆ ಹಳದಿಯಾಯಿತು. ಮಂಜುಳವ್ವನ ಫೋನು ದೇವರ ಪೆಟ್ಟಿಗೆಯಲ್ಲಿತ್ತು, ಶಾರವ್ವನದು ಕಟ್ಟಿಗೆ ರಾಶಿಯಲ್ಲಿ. ಹನ್ನೊಂದೂ ಇಪ್ಪತ್ತೆರಡಕ್ಕೆ ಹದಿನೆಂಟು ಮುಗಿದವು. ನಮ್ಮ ಬಾಜೂ ಮನೆಯವರು ಎತ್ತಲಿಲ್ಲ. ಅವರು ನೂಲು ತರಲು ಹೋಗಿದ್ದಾರೆಂದು ಆಮೇಲೆ ತಿಳಿಯಿತು.

ನಾನು ಓಡಿದೆ.

ಹತ್ತಿದ ಆಟೋ ರೈಲ್ವೆ ಗೇಟಿನ ಮುಂದೆ ನಿಂತುಬಿಟ್ಟಿತು. ಗೂಡ್ಸ್ ಗಾಡಿ. ಡಬ್ಬಿ, ಡಬ್ಬಿ, ಡಬ್ಬಿ. ಒಂದರ ಹಿಂದೆ ಒಂದು ಕೊಂಡಿ ಹಾಕಿಕೊಂಡು ಎಂದೂ ಮುಗಿಯದ ಹಾಗೆ ಹೋಗುತ್ತಿದ್ದವು. ನಾನು ಫೋನಿನ ಗಡಿಯಾರ ನೋಡುತ್ತಿದ್ದೆ. ಹನ್ನೊಂದು ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತು.

ಆಗ ಮಾಸ್ತರರ ಫೋನು ಬಂತು. "ತಂಗೀ, ಎಲ್ಲಾರೂ ಸಿಕ್ಕರೇನು? ನನಗ ಕೂಡ್ಲಿಕ್ಕೆ ಆಗವಲ್ದು."

"ಒಬ್ಬಾಕಿ ಉಳದಾಳ್ರಿ."

"ಯಾರು?"

"ನಮ್ಮತ್ತಿ."

ಅವರು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಗಾಡಿ ಮುಗಿಯಿತು.

ಮನೆಯ ಓಣಿಗೆ ತಿರುಗಿದಾಗ ಹನ್ನೆರಡು ದಾಟಿತ್ತು. ಎಲ್ಲ ಮಗ್ಗಗಳ ಸದ್ದೂ ಇತ್ತು, ನಮ್ಮದರ ಸದ್ದು ಇರಲಿಲ್ಲ. ಅತ್ತೆ ಗುಣಿಮಗ್ಗದ ಕುಳಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಲಾಳಿ ಕೈಯಲ್ಲೇ ಇತ್ತು. ಹಣೆಯಿಂದ ಬೆವರು ಇಳಿದು ನೇಯ್ದ ಬಟ್ಟೆಯ ಮೇಲೆ ಬಿದ್ದಿತ್ತು. ಸೊಂಟದ ಪಂಪು ಕಿರಿಚುತ್ತಿತ್ತು. ಅವಳು ಅದನ್ನು ಸೆರಗಿನಿಂದ ಒತ್ತಿ ಹಿಡಿದಿದ್ದಳು, ಅಳುವ ಕೂಸಿನ ಬಾಯಿ ಮುಚ್ಚುವ ಹಾಗೆ.

"ಬಂದಿ? ಇದ ನೋಡ, ಸುಮ್ನ ಆಗವಲ್ದು," ಅಂದಳು. ನಾಲಿಗೆ ದಪ್ಪಗಾಗಿತ್ತು.

ಡಬ್ಬಿಯನ್ನು ನೆಲಕ್ಕೆ ಬೋರಲು ಹಾಕಿದೆ. ಜೋಳ ಮನೆ ತುಂಬ ಹರಿಯಿತು. ಫೋನು ಸಿಕ್ಕಿತು, ಬೆಳಗಿತು: ಹನ್ನೊಂದು ನಲವತ್ತಕ್ಕೆ ಊಟದ ಔಷಧ ಬಿಡಲಾಗಿದೆ. ಈಗಿನ ಸಕ್ಕರೆ ಅರವತ್ನಾಲ್ಕು, ಎಪ್ಪತ್ತಕ್ಕಿಂತ ಕೆಳಗೆ ಅಪಾಯ. ಪಕ್ಕದಲ್ಲಿ ಕೆಳಗೆ ತೋರಿಸುವ ಬಾಣ.

ಬೆಲ್ಲದ ಡಬ್ಬಿ ತಂದು ಅವಳ ಬಾಯಿಗೆ ಹಿಡಿದೆ. ಅತ್ತೆ ತುಟಿ ಬಿಗಿದಳು.

"ಅತ್ತಿ, ತಿನ್ನು. ಪಂಪು ತಪ್ಪು ಮಾಡೇತಿ. ಅಲ್ಲ, ನಾ ತಪ್ಪು ಮಾಡೇನಿ. ಊಟದ ಔಷಧ ಒಳಗ ಹೋಗೇತಿ."

"ಹೋಗಲಿ."

"ಸಾಯ್ತಿ!"

"ಏಕಾದಶಿ ಹಿಡದು ನಲವತ್ತೊಂದು ವರ್ಷ ಆತು," ಅಂದಳು, ಮಾತು ಹುಡುಕಿ ಹುಡುಕಿ. "ನಿಮ್ಮ ಮಾಮಾ ಹೋದ ದಿನಾನೂ ಏಕಾದಶಿ ಇತ್ತು. ಅವತ್ತೂ ಮುರದಿಲ್ಲ. ನೀ ಗುಂಡಿ ತಪ್ಪಿ ಒತ್ತಿದ್ದಕ್ಕ ಮುರೀಲೇನು?"

ಐವತ್ತೆಂಟು.

ನನಗೆ ಅಳು ಬಂತು. ಅವಳ ದವಡೆ ಒತ್ತಿ ತೆರೆಯಲು ನೋಡಿದೆ. ಇಷ್ಟು ವರ್ಷ ಮಗ್ಗ ಎಳೆದ ಕೈ ನನ್ನನ್ನು ಒಂದೇ ಏಟಿಗೆ ಆಚೆ ನೂಕಿತು. ಕೆಳಗೆ ಬಿದ್ದಿದ್ದ ನನ್ನ ಫೋನಿನಿಂದ ಆಗ ಧ್ವನಿ ಬಂತು.

"ತಾಯಿ, ನನ್ನ ಮಾತೊಂದು ಕೇಳ್ರಿ."

"ಯಾರವರು?" ಅಂದಳು ಅತ್ತೆ, ಸೆರಗು ಸರಿ ಮಾಡಿಕೊಳ್ಳುತ್ತ.

"ಪಂಚಾಂಗ ಲೆಕ್ಕ ಮಾಡಾಂವ. ಇವತ್ತ ನಸುಕಿನ್ಯಾಗ ದಶಮಿ ಇತ್ತು ತಾಯಿ. ನನ್ನ ಲೆಕ್ಕದಾಗ ನಿಮ್ಮ ಉಪವಾಸ ಇನ್ನೂ ಶುರುನ ಆಗಿಲ್ಲ. ಶುರು ಆಗದ್ದನ್ನ ಮುರಿಯೂದು ಹೆಂಗ? ಇವತ್ತ ಬೆಲ್ಲ ತಿನ್ರಿ. ನಾಳೆ ಮಾಡ್ರಿ. ನಾನೂ ನಾಳೆನ ಮಾಡಾಂವ."

ಅತ್ತೆ ಕಣ್ಣು ಮುಚ್ಚಿ ಯೋಚಿಸಿದಳು. ಐವತ್ತೈದು.

"ನೀವು ಆಚಾರ್ರು. ನಿಮ್ಮ ದಿನಾ ನಿಮಗ," ಅಂದಳು. "ನಮ್ಮ ಹಿರ್ಯಾರ್ದು ಮೊದಲನೇ ದಿನಾ. ಅವರೆಲ್ಲಾ ಸುಳ್ಳೇನು?"

ನಾನು ಫೋನನ್ನು ಹಿಡಿದು ಅಲುಗಾಡಿಸಿದೆ, ಮಾಸ್ತರರ ಉತ್ತರ ಅದರೊಳಗಿಂದ ಉದುರಲಿ ಅನ್ನುವ ಹಾಗೆ.

"ಅಲ್ಲ," ಅಂದರು ಅವರು. "ಸುಳ್ಳಲ್ಲ. ನಾ ಅದನ್ನ ದೋಷ ಅಂತ ಬರದು ಅಳಿಸಿದೆ. ಅದು ದೋಷ ಅಲ್ಲ. ಇನ್ನೊಂದು ಮನಿ ಪದ್ಧತಿ. ಅಳಸೂ ಹಕ್ಕು ನನಗಿರಲಿಲ್ಲ. ನಿಮ್ಮ ಹಿರ್ಯಾರ ದಿನಾನೂ ಖರೇನ ತಾಯಿ. ವಾಪಸ್ ಬರೀತೀನಿ. ಈಗ್ಲೇ ಬರೀತೀನಿ."

ಅತ್ತೆಯ ತಲೆ ಮಗ್ಗದ ಅಡ್ಡಗಂಬಕ್ಕೆ ವಾಲಿತು. ತುಟಿ ಬೆಳ್ಳಗಾಗಿತ್ತು. ಆದರೂ ಅದರಲ್ಲಿ ಒಂದು ಮೂಲೆ ನಕ್ಕಿತು.

"ನೀವು ನಂದು ಖರೆ ಅಂದ್ರಿ," ಅಂದಳು. "ಹಂಗಾರ ನಾ ನಿಮ್ದು ಖರೆ ಅಂತೀನಿ. ನಾಳೆ ಮಾಡ್ತೀನಿ. ಏ ವೈಜೂ, ಏನ್ ನೋಡ್ತಿ ಮಾರಿ? ಬೆಲ್ಲ ತಾ."

ನೆಲದ ಜೋಳದ ಮೇಲೆ ಮೊಣಕಾಲೂರಿ ಅವಳ ಬಾಯಿಗೆ ಬೆಲ್ಲ ಹಾಕಿದೆ, ಒಂದು ತುಂಡು, ಇನ್ನೊಂದು ತುಂಡು. ಐವತ್ತೆರಡು. ಐವತ್ತೆರಡು. ಐವತ್ತೊಂದು. ಅವಳ ಕೈ ನನ್ನ ಕೈಯೊಳಗೆ ತಣ್ಣಗಿತ್ತು. ಅಂಕಿಗಳನ್ನು ಫೋನಿನಾಚೆಯ ಮಾಸ್ತರರಿಗೆ ಗಟ್ಟಿಯಾಗಿ ಓದುತ್ತಿದ್ದೆ. ಐವತ್ತೊಂದು. ಐವತ್ತನಾಲ್ಕು. ಬಾಣ ಅಡ್ಡವಾಯಿತು. ಅರವತ್ತು. ಎಪ್ಪತ್ತೆರಡು. ಪಂಪು ಕಿರಿಚುವುದನ್ನು ನಿಲ್ಲಿಸಿತು. ಆಗ ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಕೇಳಿಸಿದವು.

"ಈ ಜೋಳಾ ಆರಿಸೂದು ನಿನ್ನ ಕೆಲಸ," ಅಂದಳು ಅತ್ತೆ.

ಮಾರನೆಯ ದಿನ ಅತ್ತೆ ಮತ್ತೆ ಉಪವಾಸ ಇದ್ದಳು. ಫೋನು ಮಗ್ಗದ ಮೇಲಿತ್ತು. ಮಂಡಳಿಯ ಠರಾವನ್ನು ಅವಳೇ ತಿದ್ದಿಸಿದ್ದಳು. ಪರದೆಯ ಮೇಲೆ ಮುನ್ನೂರ ಹನ್ನೆರಡು ಸಾಸಿವೆ ಹೂವು. ಪಾಡ್ಯದ ಎರಡು, ನಾಲ್ಕು, ಒಂಬತ್ತು ಬಂದಿತ್ತು: ಹಳೆಯ ಪ್ರಶ್ನೆಗೆ ಹಳೆಯ ಉತ್ತರ. ಅದರ ಬೆನ್ನಿಗೇ ಎರಡು, ಐದು, ಸೊನ್ನೆ: ಯಾವ ಮನೆಯ ಪದ್ಧತಿ ಎಂದು ಕೇಳುವ ಹೊಸ ಪ್ರಶ್ನೆ. ಟಿಪ್ಪಣಿ ಈ ಸಲ ಎರಡು ಪದದ್ದಾಗಿರಲಿಲ್ಲ, ಒಂದು ಪುಟ ಇತ್ತು. ಅದರ ಕೊನೆಯಲ್ಲಿ: 'ಇದನ್ನು ಯಾರು ಯಾವುದಕ್ಕೆ ಬಳಸುತ್ತೀರೋ ದಯಮಾಡಿ ಒಂದು ಮಾತು ತಿಳಿಸಿರಿ.'

ಶಮೀಮ್ ಚಹಾ ತಂದು ನನ್ನ ಪಕ್ಕ ಇಟ್ಟಳು. "ಒಂದು ಸರಿ ಆತು," ಅಂದಳು. "ಇನ್ನೂರ ಹನ್ನೆರಡು ಉಳದಾವು."

ನಾನು ಪಟ್ಟಿ ತೆರೆದಿದ್ದೆ. ಅತ್ತೆಯ ಹಸಿವಿಗೂ ಔಷಧಕ್ಕೂ ನಡುವೆ ನಿಂತ ಇನ್ನೂರ ಹನ್ನೆರಡು ಅಪರಿಚಿತರು. ಪಂಪಿನ ಗಡಿಯಾರ ನೋಡಿಕೊಳ್ಳುವ ಲೈಬ್ರರಿಯ ಮುಂದೆ ಒಂದೇ ಹೆಸರಿತ್ತು, ಒಂದು ನಂಬರು, ದೂರದ ಊರು. ಕೊನೆಯ ಸಲ ಏನಾದರೂ ಬರೆದು ಹದಿನಾಲ್ಕು ತಿಂಗಳಾಗಿತ್ತು. ಅಲ್ಲಿ ಈಗ ಎಷ್ಟು ಗಂಟೆ ಎಂದು ಲೆಕ್ಕ ಹಾಕಿ, ಹಗಲೇ ಇದೆ ಎಂದು ಖಾತ್ರಿ ಮಾಡಿಕೊಂಡು, ಒತ್ತಿದೆ.

ಏನು ಕೇಳಬೇಕೆಂದು ತಿಳಿದಿರಲಿಲ್ಲ. ಆರಾಮಿದ್ದೀರಾ ಎಂದು ಕೇಳಬೇಕು, ಅಷ್ಟೇ.

ಆ ಕಡೆ ರಿಂಗಾಗುತ್ತಿತ್ತು. ಚಹಾ ತಣ್ಣಗಾಯಿತು. ಕರೆ ಕಡಿದುಹೋಯಿತು, ಮತ್ತೆ ಒತ್ತಿದೆ. ರಿಂಗಾಗುತ್ತಲೇ ಇತ್ತು.